ಬೀರು ತುಂಬಿಸುವ ಮೊದಲು ಒಂದು ಪುಟ ಜೋರಾಗಿ ಓದಿ

ಹೋದ ತಿಂಗಳು ಈ ಅಂಕಣದಲ್ಲಿ ‘ತರಗತಿಗೊಂದು ಪುಸ್ತಕದ ಮೂಲೆ ಇರಲಿ’ ಅಂತ ಸುಮ್ನೆ ಒಂದು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೆಚ್ಚಿನವು ನಮ್ಮ ಮಲೆನಾಡಿನ ಕಡೆಯವೇ. ಎಲ್ಲದಕ್ಕೂ ಜಾಗ ಸಾಲದು, ಒಂದೇ ಥರದ್ದನ್ನು ಸೇರಿಸಿ ಕೆಲವಕ್ಕೆ ಉತ್ತರ ಬರೆದಿದ್ದೇನೆ. ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಳಾದವಳು ನಾನು, ನಡುವೆ ಸ್ವಲ್ಪ ಉಪದೇಶ ಬಂದರೆ ಸಹಿಸಿಕೊಳ್ಳಿ.

ಪ್ರಶ್ನೆ: ಹೊಸನಗರ ತಾಲೂಕಿನ ಸರ್ಕಾರಿ ಶಾಲೆಯಲ್ಲಿ ಟೀಚರ್ ನಾನು. ನಾಲ್ಕು, ಐದನೇ ತರಗತಿ ಸೇರಿ 23 ಮಕ್ಕಳು. ತರಗತಿಯಲ್ಲೇ ಪುಟ್ಟ ಲೈಬ್ರರಿ ಮಾಡೋಕೆ ಎಸ್‌ಡಿಎಂಸಿಯವರೂ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಊರಿನವರೂ ಸೇರಿ 6,000 ರೂಪಾಯಿ ಒಟ್ಟು ಮಾಡಿ ಕೊಟ್ಟಿದ್ದಾರೆ. ಶಿವಮೊಗ್ಗದ ಅಂಗಡಿಯಲ್ಲಿ ಒಂದು ಗಂಟೆ ನಿಂತೆ, ಯಾವುದು ತಗೋಬೇಕು ಅಂತಲೇ ತಿಳಿಯದೆ ಬರಿಗೈಲಿ ಬಂದೆ. ಹೇಗೆ ಆರಿಸೋದು?

ಉತ್ತರ: ಬರಿಗೈಲಿ ಬಂದಿದ್ದೇ ಒಳ್ಳೆಯದಾಯಿತು. ನಾನು ಮೊದಲ ಸಲ ಹೋದಾಗ ಐವತ್ತು ಪುಸ್ತಕದ ಒಂದು ‘ಸೆಟ್’ ಹೊತ್ತುಕೊಂಡು ಬಂದಿದ್ದೆ. ಅಂಗಡಿಯವರು ಅರ್ಧ ಬೆಲೆಗೆ ಕೊಡುತ್ತೇನೆ ಅಂದರು, ರಟ್ಟು ಫಳಫಳ ಅನ್ನುತ್ತಿತ್ತು, ಖುಷಿಯಾಯಿತು. ಶಾಲೆಗೆ ಬಂದು ಬಿಚ್ಚಿ ನೋಡಿದರೆ ಬಾಯಾರಿದ ಕಾಗೆ ಐದು ಪುಸ್ತಕದಲ್ಲಿದೆ, ದ್ರಾಕ್ಷಿ ಹುಳಿ ಅಂದ ನರಿ ಏಳರಲ್ಲಿದೆ! ರಟ್ಟು ಮಾತ್ರ ಬೇರೆ ಬೇರೆ. ಒಂದರಲ್ಲಂತೂ ಕಾಗೆಯ ಕಥೆಗೆ ಪಾರಿವಾಳದ ಚಿತ್ರ ಹಾಕಿದ್ದರು. ನಾನು ನಿವೃತ್ತಳಾಗುವಾಗಲೂ ಆ ಸೆಟ್ಟು ಹೊಸದರ ಹಾಗೇ ಇತ್ತು.

ಹಾಗಾಗಿ ಸೆಟ್ ತಗೋಬೇಡಿ, ಒಂದೊಂದೇ ಕೈಯಲ್ಲಿ ಹಿಡಿದು ಆರಿಸಿ. ದುಡ್ಡನ್ನೂ ಒಂದೇ ದಿನ ಮುಗಿಸಬೇಡಿ. ಈಗ 4,000, ದಸರಾ ರಜೆ ಕಳೆದ ಮೇಲೆ 2,000. ಅಷ್ಟರೊಳಗೆ ಯಾವ ಪುಸ್ತಕದ ಮೂಲೆ ಮಡಚಿದೆ, ಯಾವುದಕ್ಕೆ ಜಗಳವಾಗಿದೆ, ಯಾವುದನ್ನು ಒಬ್ಬ ಹುಡುಗ ಮೂರು ಸಲ ಮನೆಗೆ ಒಯ್ದಿದ್ದಾನೆ ಅನ್ನುವುದೆಲ್ಲ ನಿಮ್ಮ ಕಣ್ಣೆದುರೇ ಇರುತ್ತದೆ. ತೆಳು ಚಿತ್ರಪುಸ್ತಕಕ್ಕೆ 50ರಿಂದ 100 ರೂಪಾಯಿ ಅಂತ ಹಿಡಿದರೆ ಮೊದಲ ಕಂತಿಗೆ ಐವತ್ತರ ಹತ್ತಿರ ಬರುತ್ತವೆ. 23 ಮಕ್ಕಳಿಗೆ ಶುರುವಿಗೆ ಅಷ್ಟು ಸಾಕು.

ಆರಿಸುವುದು ಹೇಗೆ ಅಂದಿರಿ. ಪುಸ್ತಕವನ್ನು ಮಧ್ಯದಲ್ಲಿ ತೆರೆದು ಒಂದು ಪುಟ ಬಾಯಿಬಿಟ್ಟು ಓದಿ. ಮನಸ್ಸಿನಲ್ಲಲ್ಲ, ಜೋರಾಗಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ‘ರಾಮುವು ತನ್ನ ತಾಯಿಯಿಂದ ಬಹಳವಾಗಿ ಪ್ರೀತಿಸಲ್ಪಡುತ್ತಿದ್ದನು’ ಅನ್ನುವಂಥ ವಾಕ್ಯ ಬಂದರೆ ನಾಲಿಗೆ ಅಲ್ಲೇ ಎಡವುತ್ತದೆ, ಕಣ್ಣಾದರೆ ಸುಮ್ಮನೆ ದಾಟಿಬಿಡುತ್ತಿತ್ತು. ನಿಮ್ಮ ನಾಲಿಗೆ ಎಡವಿದ ಕಡೆ ನಾಲ್ಕನೇ ತರಗತಿಯ ಮಗು ಬಿದ್ದೇ ಹೋಗುತ್ತದೆ. ಅಂಥದ್ದನ್ನು ಚಿತ್ರ ಎಷ್ಟೇ ಚೆಂದ ಇದ್ದರೂ ವಾಪಸ್ ಇಟ್ಟುಬಿಡಿ.

ಇನ್ನೊಂದು, ನಮ್ಮ ಕನ್ನಡಕ್ಕೇ ಇರುವ ತೊಡಕು. ಪದ ಚಿಕ್ಕದೋ ದೊಡ್ಡದೋ ಅನ್ನುವುದಕ್ಕಿಂತ ಒತ್ತಕ್ಷರ ಎಷ್ಟಿದೆ ನೋಡಿ. ‘ಕುಣಿಯುತ್ತಾ’ ಉದ್ದ ಇದ್ದರೂ ಮಗು ಓದಿಕೊಳ್ಳುತ್ತದೆ, ‘ಪ್ರಜ್ಞೆ’ ಎರಡೇ ಅಕ್ಷರವಾದರೂ ಸಿಕ್ಕಿಹಾಕಿಕೊಳ್ಳುತ್ತದೆ. ನಿಮ್ಮ 23ರಲ್ಲಿ ಏಳೆಂಟು ಮಕ್ಕಳಾದರೂ ಇನ್ನೂ ಒತ್ತಿನ ಜೊತೆ ಗುದ್ದಾಡುತ್ತಿರುತ್ತಾರೆ, ಅಲ್ವಾ? ಅವರಿಗಾಗಿ ಒಂದೋ ಎರಡೋ ಸಾಲಿನ ಪುಟಗಳಿರುವ ಪುಸ್ತಕ ಕೊಳ್ಳಿ, ಆದರೆ ಅದರ ಮೇಲೆ ‘ಒಂದನೇ ತರಗತಿಗೆ’ ಅಂತ ಬರೆಯಬೇಡಿ. ಬರೆದರೆ ಮುಗೀತು, ಐದನೆಯ ತರಗತಿಯವನು ಅದನ್ನು ಮುಟ್ಟುವುದಿಲ್ಲ.

ದುಡ್ಡು ಕೊಡುವ ಮೊದಲೇ ಪರೀಕ್ಷೆ ಮಾಡುವ ಉಪಾಯವೂ ಇದೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಅಂತ ಒಂದು ಜಾಲತಾಣ ಶುರು ಮಾಡಿದರು. ಅದರಲ್ಲಿ ಕನ್ನಡ ಕಥೆಗಳು ಬೇಕಾದಷ್ಟಿವೆ, ಓದುವ ಮಟ್ಟಕ್ಕೆ ತಕ್ಕ ಹಾಗೆ ನಾಲ್ಕು ಹಂತ ಮಾಡಿದ್ದಾರೆ, ಉಚಿತ, ಇಳಿಸಿಕೊಂಡು ಪ್ರಿಂಟ್ ಹಾಕಿಸಿದರೂ ತಕರಾರಿಲ್ಲ. ನಿಮ್ಮೂರಲ್ಲಿ ನೆಟ್‌ವರ್ಕ್ ಹೇಗೋ ಗೊತ್ತಿಲ್ಲ (ನಮ್ಮೂರಲ್ಲಿ ಈಗಲೂ ಗುಡ್ಡ ಹತ್ತಬೇಕು), ಪೇಟೆಗೆ ಹೋದಾಗ ಹತ್ತು ಕಥೆ ಫೋನಿಗೆ ಇಳಿಸಿಕೊಳ್ಳಿ. ದಿನಕ್ಕೊಂದು ಮಕ್ಕಳಿಗೆ ಓದಿ ಹೇಳಿ. ಯಾವುದನ್ನು ‘ಟೀಚರ್, ಇನ್ನೊಂದ್ಸಲ’ ಅನ್ನುತ್ತಾರೋ ಅದರ ಅಚ್ಚಾದ ಪ್ರತಿ ಸಿಗುತ್ತದಾ ನೋಡಿ, ಸಿಕ್ಕರೆ ಎರಡು ತಗೊಳ್ಳಿ. ಹೌದು, ಎರಡು. ಗೆಳೆಯ ಓದುತ್ತಿರುವ ಪುಸ್ತಕವನ್ನೇ ಪಕ್ಕದಲ್ಲಿ ಕೂತು ಓದುವುದರಲ್ಲಿ ಮಕ್ಕಳಿಗೆ ಏನೋ ಒಂದು ಸುಖ ಇದೆ.

ಇದಲ್ಲದೆ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆ ನೋಡಿ, ನವಕರ್ನಾಟಕದ ಮಕ್ಕಳ ವಿಜ್ಞಾನದ ಪುಸ್ತಕಗಳನ್ನು ನೋಡಿ, ಕನ್ನಡ-ಇಂಗ್ಲಿಷ್ ಎರಡೂ ಒಟ್ಟಿಗೆ ಇರುವಂಥದ್ದು ಬೇಕಿದ್ದರೆ ತೂಲಿಕಾ ಪ್ರಕಾಶನದವರದು ನೋಡಿ. ಶಾಲೆಗೆ ಅಂದರೆ ರಿಯಾಯಿತಿ ಕೇಳಿ, ನಾಚಿಕೆ ಬೇಡ.

ಐವತ್ತಕ್ಕೆ ಐವತ್ತೂ ಕಥೆಪುಸ್ತಕ ಆಗುವುದು ಬೇಡ. ಕಥೆ ಅಂದರೆ ದೂರ ಓಡುವ ಮಗುವೂ ಇರುತ್ತದೆ. ಒಗಟು, ನಗೆಹನಿ, ಲಾರಿ ಜೆಸಿಬಿ ಹೇಗೆ ಓಡುತ್ತವೆ ಅನ್ನುವಂಥದ್ದು, ಹಾವು, ಹಕ್ಕಿ, ಒಂದು ಒಳ್ಳೆಯ ನಕಾಶೆ ಪುಸ್ತಕ, ಇವೆಲ್ಲ ಇರಲಿ. ಆದರೆ ಮಾಹಿತಿ ಪುಸ್ತಕವನ್ನು ನಮ್ಮ ಮಕ್ಕಳ ಮುಂದೆ ಇಡುವಾಗ ಹುಷಾರು. ಒಂದು ಸಲ ಹಕ್ಕಿಗಳ ಪುಸ್ತಕ ತಂದಿದ್ದೆ. ನಾಲ್ಕನೇ ತರಗತಿಯ ಹುಡುಗಿ, ಮನೆ ಕಾಡಂಚಿಗೇ, ತರಗತಿಯಲ್ಲಿ ಬಾಯಿ ತೆಗೆಯುವವಳೇ ಅಲ್ಲ. ಆ ಪುಸ್ತಕ ತಂದು ನನ್ನ ಮೇಜಿನ ಮೇಲೆ ಇಟ್ಟು ಒಂದು ಚಿತ್ರದ ಮೇಲೆ ಬೆರಳಿಟ್ಟಳು. ಮಂಗಟ್ಟೆ ಹಕ್ಕಿ ಕಾಗೆಯ ಹಾಗೆ ಕೊಂಬೆಯ ಮೇಲೆ ಕಡ್ಡಿಗೂಡು ಕಟ್ಟಿ ಕೂತಿತ್ತು. ‘ಇದು ಸುಳ್ಳು ಟೀಚರ್. ಮಂಗಟ್ಟೆ ಪೊಟರೇಲಿ ಇರೋದು. ಹೆಣ್ಣು ಒಳಗೆ ಕೂತ್ಕೊಂಡು ಬಾಗ್ಲು ಮೆತ್ಕೊಳತ್ತೆ, ಗಂಡು ಸಂದೀಲಿ ಹಣ್ಣು ಕೊಡತ್ತೆ.’ ನೂರಕ್ಕೆ ನೂರು ಸರಿ. ಆ ಪುಸ್ತಕವನ್ನು ನಾನು ತೆಗೆದುಹಾಕಲಿಲ್ಲ. ಆ ಪುಟಕ್ಕೆ ಒಂದು ಚೀಟಿ ಅಂಟಿಸಿ ಅವಳ ಕೈಯಲ್ಲೇ ತಿದ್ದುಪಡಿ ಬರೆಸಿದೆ. ಆಮೇಲೆ ಏನಾಯಿತು ಅಂದರೆ, ಇಡೀ ತರಗತಿ ಪುಸ್ತಕಗಳಲ್ಲಿ ತಪ್ಪು ಹುಡುಕಲು ಕೂತಿತು. ತಪ್ಪು ಹುಡುಕಬೇಕಾದರೆ ಓದಲೇಬೇಕಲ್ಲ!

ಪ್ರಶ್ನೆ: ಮಗಳ ಶಾಲೆಗೆ ತಂದ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಅನುವಾದ. ಹಿಮ ಬೀಳುತ್ತೆ, ಚಿಮಣಿ ಇರುತ್ತೆ. ಮಲೆನಾಡಿನ ಮಕ್ಕಳಿಗೆ ನಮ್ಮ ನೆಲದ ಕಥೆಗಳೇ ಅಲ್ವಾ ಬೇಕಾದ್ದು? (ತೀರ್ಥಹಳ್ಳಿಯ ಪೋಷಕರು)

ಉತ್ತರ: ನಮ್ಮ ನೆಲದ್ದು ಬೇಕು, ಖಂಡಿತ. ಅಡಿಕೆ ಕೊನೆ ಇಳಿಸುವುದು, ಉಂಬಳ ಕಚ್ಚುವುದು, ಸಂಕ ದಾಟಿ ಶಾಲೆಗೆ ಹೋಗುವುದು ಪುಸ್ತಕದಲ್ಲಿ ಬಂದರೆ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಅಂಥ ಪುಸ್ತಕ ಸಿಕ್ಕರೆ ಬಿಡಬೇಡಿ, ಸಿಗುವುದು ಕಡಿಮೆ. ಆದರೆ ‘ಮಾತ್ರ’ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ನಿಮ್ಮದು ತೀರ್ಥಹಳ್ಳಿ, ಅದೇ ತಾಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ಕಿಂದರಿಜೋಗಿಯನ್ನೇ ತಗೊಳ್ಳಿ. ಅದು ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿಗಳ ಕಥೆ, ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿಯ ಪದ್ಯದ ದಾರಿಯಲ್ಲಿ ಬಂದದ್ದು. ತುಂಗೆಯ ದಡಕ್ಕೆ ಬಂದು ಬೊಮ್ಮನಹಳ್ಳಿಯದೇ ಆಗಿಹೋಯಿತು. ಅದನ್ನು ಕುಣಿಕುಣಿದು ಹೇಳುವ ಮಕ್ಕಳಿಗೆ ಅದು ಪರದೇಶದ್ದು ಅಂತ ಯಾವತ್ತಾದರೂ ಅನ್ನಿಸಿದೆಯಾ?

ಹಿಮದ ವಿಷಯಕ್ಕೂ ಅಷ್ಟೇ. ಹಿಮ ಬಿದ್ದು ಶಾಲೆಗೆ ರಜೆ, ಒಂದು ಹುಡುಗಿ ಕಿಟಕಿಯಲ್ಲಿ ಕೂತು ಹೊರಗೆ ನೋಡುತ್ತಾಳೆ ಅಂತ ಒಂದು ಕಥೆ ಓದಿದ್ದೆ. ಹಿಮ ಅಂದರೆ ಏನು ಅಂತ ವಿವರಿಸಲು ನಾನು ತಯಾರಾಗಿದ್ದೆ. ಯಾರೂ ಕೇಳಲೇ ಇಲ್ಲ. ‘ನಮ್ಗೆ ಮಳೆ ರಜೆ ಸಿಕ್ಕಂಗೆ’ ಅಂತ ಒಬ್ಬ ಹೇಳಿದ, ಮುಂದೆ ಓದಿ ಅಂದರು. ಅನುವಾದ ಅನ್ನುವುದಲ್ಲ ತೊಂದರೆ, ಕೆಟ್ಟ ಅನುವಾದ ತೊಂದರೆ. ಅದನ್ನು ಹಿಡಿಯಲು ಮೇಲೆ ಹೇಳಿದ್ದೇ ಉಪಾಯ, ಜೋರಾಗಿ ಓದುವುದು.

ಪ್ರಶ್ನೆ: ಎಸ್‌ಡಿಎಂಸಿ ಸದಸ್ಯ ನಾನು, ಸಾಗರ ತಾಲೂಕು. ಟೀಚರ್ ತಂದ ಪುಸ್ತಕಗಳಲ್ಲಿ ನೀತಿಯೇ ಇಲ್ಲ. ಒಂದರಲ್ಲಿ ಅಜ್ಜಿ ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾಳೆ, ಅಷ್ಟೇ ಕಥೆ. ಇದರಿಂದ ಮಕ್ಕಳಿಗೆ ಏನು ಸಿಗುತ್ತದೆ?

ಉತ್ತರ: ನಗು ಸಿಗುತ್ತದೆ ಸಾರ್. ಕೊನೆಯ ಪುಟದವರೆಗೆ ಒಬ್ಬನೇ ಓದಿ ಮುಗಿಸಿದೆ ಅನ್ನುವ ಧೈರ್ಯವೂ ಸಿಗುತ್ತದೆ, ಓದು ಕಲಿಯುವ ಮಗುವಿಗೆ ಅದು ಸಣ್ಣದಲ್ಲ. ನೀತಿ ಪಠ್ಯಪುಸ್ತಕದಲ್ಲಿದೆ, ಪ್ರಾರ್ಥನೆಯಲ್ಲಿದೆ, ಗೋಡೆ ಮೇಲೆ ಬರೆಸಿದ್ದೀರಿ, ಮನೆಯಲ್ಲಿ ಅಪ್ಪ ಅಮ್ಮ ಬಿಡುವುದಿಲ್ಲ. ಕಥೆಯಲ್ಲೂ ಕೊನೆಗೆ ಕಾದು ಕೂತಿದ್ದರೆ ಮಗು ಏನು ಮಾಡುತ್ತದೆ ಗೊತ್ತಾ? ಕೊನೆಯ ಪುಟ ಮೊದಲು ನೋಡಿ, ‘ಸುಳ್ಳು ಹೇಳಬಾರದು’ ಅಂತ ತಿಳಿದುಕೊಂಡು ಪುಸ್ತಕ ಮುಚ್ಚಿಡುತ್ತದೆ.

ಒಂದು ಕೆಲಸ ಮಾಡಿ. ಮುಂದಿನ ಎಸ್‌ಡಿಎಂಸಿ ಸಭೆಗೆ ಅರ್ಧ ಗಂಟೆ ಮೊದಲೇ ಹೋಗಿ, ಆ ಗೊರಕೆ ಅಜ್ಜಿಯನ್ನು ನೀವೇ ಮಕ್ಕಳಿಗೆ ಓದಿ ಹೇಳಿ. ಗೊರಕೆಯ ಸದ್ದು ಮಾಡುವುದನ್ನು ಮಾತ್ರ ಮರೆಯಬೇಡಿ. ಆಮೇಲೂ ಬೇಡ ಅನ್ನಿಸಿದರೆ ಸಭೆಯಲ್ಲಿ ಹೇಳಿ.

ಪ್ರಶ್ನೆ: ಆಗುಂಬೆ ಸೀಮೆಯ ಶಾಲೆ. ಪುಸ್ತಕ ಎಷ್ಟು ಚೆನ್ನಾಗಿ ಆರಿಸಿದರೂ ಮಳೆಗಾಲದಲ್ಲಿ ಬೂಸ್ಟು ಹಿಡಿದು ಹಾಳಾಗುತ್ತೆ. ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರೂ ಅಷ್ಟೇ. ಏನು ಮಾಡೋದು?

ಉತ್ತರ: ಬೀರುವಿನಲ್ಲಿಟ್ಟು ಬೀಗ ಹಾಕಿದ್ದರಿಂದಲೇ ಹಾಗಾಗಿದ್ದು! ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ನಿಮ್ಮದು. ತೇವದ ಗಾಳಿ ಒಳಗೆ ಸೇರಿಕೊಂಡಿತು, ನೀವು ಬಾಗಿಲು ಹಾಕಿದಿರಿ, ಬೂಸ್ಟಿಗೆ ಇನ್ನೇನು ಬೇಕು. ದಿನಾ ನಾಲ್ಕು ಕೈ ಬದಲಾಗುವ ಪುಸ್ತಕಕ್ಕೆ ಬೂಸ್ಟು ಬರುವುದು ಕಮ್ಮಿ. ‘ಪುಸ್ತಕ ಇರುವುದು ಬಳಸುವುದಕ್ಕೆ’ ಅಂತ ಎಸ್‌.ಆರ್‌. ರಂಗನಾಥನ್ ಎಂಬ ಗ್ರಂಥಾಲಯ ತಜ್ಞರು 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದಾಗಿ ಬರೆದರು. ಅವರು ಮಳೆಗಾಲದ ಬೂಸ್ಟಿನ ಬಗ್ಗೆ ಯೋಚಿಸಿರಲಿಕ್ಕಿಲ್ಲ, ಆದರೆ ನಮ್ಮ ಕಡೆ ಅದು ಅದಕ್ಕೂ ಔಷಧಿಯೇ.

ಬೀರುವನ್ನು ಮಳೆಗಾಳಿ ಹೊಡೆಯುವ ಪಡುವಣ ಗೋಡೆಗೆ ಒರಗಿಸಬೇಡಿ, ಯಾವ ಗೋಡೆಯಾದರೂ ಒಂದು ಗೇಣು ಬಿಟ್ಟೇ ನಿಲ್ಲಿಸಿ. ಬಿಸಿಯೂಟದ ಅಡುಗೆಮನೆಗೆ ಅಂಟಿಕೊಂಡ ಗೋಡೆ ಇದ್ದರೆ ಅದರಷ್ಟು ಒಣ ಜಾಗ ಶಾಲೆಯಲ್ಲಿ ಇನ್ನೊಂದಿಲ್ಲ. ನಾನು ಕೊನೆಕೊನೆಗೆ ಬೀರು ಬಿಟ್ಟೇಬಿಟ್ಟೆ. ಮಕ್ಕಳ ಎದೆಮಟ್ಟಕ್ಕೆ ಗೋಡೆಯಿಂದ ಗೋಡೆಗೆ ನೈಲಾನ್ ಹಗ್ಗ ಕಟ್ಟಿ, ತೆಳು ಪುಸ್ತಕಗಳನ್ನು ಮಧ್ಯಕ್ಕೆ ತೆರೆದು, ಬಟ್ಟೆ ಒಣಹಾಕಿದ ಹಾಗೆ ನೇತುಹಾಕುತ್ತಿದ್ದೆವು. ಗಾಳಿಯೂ ಆಡುತ್ತದೆ, ರಟ್ಟೂ ಎದುರಿಗೇ ಕಾಣುತ್ತದೆ. ಬೆನ್ನು ಮಾತ್ರ ಕಾಣುವ ಹಾಗೆ ಜೋಡಿಸಿದ ಪುಸ್ತಕವನ್ನು ಮಗು ಎಳೆದು ನೋಡುವುದಿಲ್ಲ. ರಟ್ಟಿನ ಮೇಲೆ ಹುಲಿ ಕಂಡರೆ ಕೈ ಹಾಕುತ್ತದೆ.

ಕೊಳ್ಳುವಾಗಲೇ ನೋಡಬೇಕಾದ ಎರಡು ವಿಷಯ, ಇವನ್ನು ಬಯಲುಸೀಮೆಯವರು ನಿಮಗೆ ಹೇಳುವುದಿಲ್ಲ. ಮಿರಮಿರ ಮಿಂಚುವ ಆರ್ಟ್ ಪೇಪರ್ ಒದ್ದೆಯಾಗಿ ಒಣಗಿತೋ, ಪುಟಕ್ಕೆ ಪುಟ ಅಂಟಿ ಹಲಗೆಯಾಗುತ್ತದೆ, ಬಿಡಿಸಲು ಹೋದರೆ ಚಿತ್ರ ಸಿಪ್ಪೆ ಎದ್ದ ಹಾಗೆ ಎದ್ದು ಬರುತ್ತದೆ. ಮಕ್ಕಳ ಚೀಲದಲ್ಲಿ ಪುಸ್ತಕ ನೆನೆದು ಬಂದರೆ ಒಣಗುವ ಮೊದಲೇ ಪುಟಗಳ ನಡುವೆ ಹಳೇ ಪೇಪರ್ ಇಟ್ಟು ಬಿಡಿಸಿಬಿಡಿ. ಒಂದೇ ಥರದ ಎರಡು ಪುಸ್ತಕ ಎದುರಿದ್ದರೆ ಮಂಕು ಕಾಗದದ್ದನ್ನೇ ಆರಿಸಿ. ಎರಡನೆಯದು ಪಿನ್ನು. ನಡುವೆ ಪಿನ್ನು ಹೊಡೆದ ಪುಸ್ತಕ ಮಲೆನಾಡಿನಲ್ಲಿ ಎರಡು ಮಳೆಗಾಲ ತಡೆಯುವುದಿಲ್ಲ, ತುಕ್ಕು ಹಿಡಿದು ಕಾಗದವನ್ನೇ ತಿನ್ನುತ್ತದೆ. ಹಾಗಂತ ಅವನ್ನು ಕೊಳ್ಳಬೇಡಿ ಅನ್ನಲು ಆಗುವುದಿಲ್ಲ, ತೆಳು ಪುಸ್ತಕ ಹೆಚ್ಚಿನವು ಹಾಗೇ ಬರುತ್ತವೆ. ತಂದ ದಿನವೇ ಪಿನ್ನು ಕಿತ್ತು ಅದೇ ತೂತಿನಲ್ಲಿ ದಪ್ಪ ನೂಲು ಹಾಕಿ ಹೊಲಿಯಿರಿ. ಆರು-ಏಳನೇ ತರಗತಿಯ ಮಕ್ಕಳಿಗೆ ಒಂದು ಮಧ್ಯಾಹ್ನ ಕೊಟ್ಟರೆ ಐವತ್ತೂ ಹೊಲಿದು ಮುಗಿಸುತ್ತಾರೆ. ಹೊಲಿಯುತ್ತಾ ಓದಿಯೂ ಬಿಡುತ್ತಾರೆ.

ಬೂಸ್ಟು ಬಂದೇಬಿಟ್ಟರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಇನ್ನೂ ಹರಡುತ್ತದೆ. ಹೊರಗೆ ಜಗುಲಿಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬ್ರಶ್ಶಿನಲ್ಲಿ ಉಜ್ಜಿ. ಇದು ನಿಮ್ಮ ಕೆಲಸ, ಮಕ್ಕಳಿಗೆ ಬೇಡ. ಬಿಸಿಲು ಕಂಡ ದಿನ ಎಳೆ ಬಿಸಿಲಿಗೆ ಸ್ವಲ್ಪ ಹೊತ್ತು ಹಾಕಿ. ನುಸಿಗುಳಿಗೆ ಇಡಬೇಡಿ, ಪೆಪ್ಪರ್‌ಮೆಂಟಿನ ಹಾಗೆ ಕಾಣುತ್ತದೆ, ಬಾಯಿಗೆ ಹಾಕಿಕೊಂಡರೆ ವಿಷ.

ಪ್ರಶ್ನೆ: ಏಳನೇ ತರಗತಿಯ ಮೂರು ಹುಡುಗರಿಗೆ ಸರಿಯಾಗಿ ಓದಲು ಬರುವುದಿಲ್ಲ. ದಪ್ಪ ಪುಸ್ತಕ ಕೊಟ್ಟರೆ ಆಗುವುದಿಲ್ಲ, ಚಿತ್ರಪುಸ್ತಕ ಕೊಟ್ಟರೆ ‘ನಾವೇನು ಅಂಗನವಾಡಿನಾ’ ಅಂತಾರೆ. (ಶಿಕ್ಷಕರು, ಸೊರಬ)

ಉತ್ತರ: ಅವರು ಹೇಳುವುದು ಸರಿಯೇ, ಮಾನದ ಪ್ರಶ್ನೆ ಅದು. ಪುಸ್ತಕ ಬದಲಿಸಬೇಡಿ ಮೇಷ್ಟ್ರೇ, ಕಾರಣ ಬದಲಿಸಿ. ‘ಶುಕ್ರವಾರ ನಲಿಕಲಿ ಮಕ್ಕಳಿಗೆ ಕಥೆ ಓದಿ ಹೇಳಬೇಕು, ನನಗೆ ಪುರುಸೊತ್ತಿಲ್ಲ, ನೀನು ಹೋಗ್ತೀಯಾ?’ ಅಂತ ಕೇಳಿ. ಈಗ ಅವನು ಚಿತ್ರಪುಸ್ತಕ ಹಿಡಿದುಕೊಂಡಿರುವುದು ತನಗಾಗಿ ಅಲ್ಲ, ಚಿಕ್ಕವರಿಗಾಗಿ. ನನ್ನ ಶಾಲೆಯಲ್ಲಿ ಒಬ್ಬನಿದ್ದ, ಆಟದಲ್ಲಿ ಮುಂದು, ಓದು ಅಂದರೆ ಮಾಯ. ಹೀಗೇ ಒಪ್ಪಿಸಿದ್ದೆ. ಗುರುವಾರ ಮಧ್ಯಾಹ್ನ ನೋಡಿದರೆ ನೀರಿನ ಟ್ಯಾಂಕಿನ ಹಿಂದೆ ಕೂತು, ಹನ್ನೆರಡು ಪುಟದ ಪುಸ್ತಕವನ್ನು ಬೆರಳಿಟ್ಟು ಓದಿಕೊಳ್ಳುತ್ತಿದ್ದಾನೆ. ಕರಡಿಯ ಮಾತು ಬಂದಲ್ಲಿ ದನಿ ದಪ್ಪ ಮಾಡಿ ನೋಡುತ್ತಾನೆ, ಸರಿ ಬರದೆ ಮತ್ತೆ ಮಾಡುತ್ತಾನೆ. ನಾನು ಕಾಣದವಳ ಹಾಗೆ ಬಂದುಬಿಟ್ಟೆ. ಅದೊಂದೇ ಪುಸ್ತಕವನ್ನು ಅವನು ಎಷ್ಟು ಸಲ ಓದಿದನೋ, ನಾನಂತೂ ಅವನಿಗೆ ಅಷ್ಟು ಓದಿಸಲು ಆಗುತ್ತಿರಲಿಲ್ಲ.

ಅವರಿಗಾಗಿಯೇ ಕೊಳ್ಳುವುದಾದರೆ ಚುಟುಕು ಬರಹಗಳ ಪುಸ್ತಕ ತನ್ನಿ. ಕ್ರಿಕೆಟ್, ಗಿನ್ನೆಸ್ ದಾಖಲೆ, ಕಾಮಿಕ್ಸ್. ಕಾಮಿಕ್ಸ್ ಓದುವುದು ಓದೇ ಅಲ್ಲ ಅನ್ನುವವರ ಮಾತು ಕೇಳಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿರುವ ಹಳೇ ವಿದ್ಯಾರ್ಥಿಗಳು ಐದು ಪೆಟ್ಟಿಗೆ ಪುಸ್ತಕ ಕಳಿಸಿದ್ದಾರೆ. ಹೆಚ್ಚಿನವು ಮಕ್ಕಳಿಗೆ ಆಗುವುದಿಲ್ಲ. ಬೇಡ ಅನ್ನೋದು ಹೇಗೆ?

ಉತ್ತರ: ಬಂದದ್ದಕ್ಕೆ ಥ್ಯಾಂಕ್ಸ್ ಹೇಳಿ, ಆದದ್ದನ್ನು ಇಟ್ಟುಕೊಳ್ಳಿ, ಕಾಂಪಿಟಿಟಿವ್ ಎಕ್ಸಾಮ್ ಗೈಡುಗಳನ್ನು ಊರಿನ ಡಿಗ್ರಿ ಹುಡುಗರಿಗೆ ಕೊಟ್ಟುಬಿಡಿ. ಮುಂದಿನ ಸಲ ಕಳಿಸುತ್ತೇವೆ ಅಂದಾಗ ಮಕ್ಕಳ ಕೈಯಲ್ಲೇ ಬರೆಸಿದ ಹತ್ತು ಪುಸ್ತಕದ ಪಟ್ಟಿಯ ಫೋಟೋ ಕಳಿಸಿ. ವಕ್ರಾಕ್ಷರ ಇದ್ದಷ್ಟೂ ಒಳ್ಳೆಯದು, ಬೇಗ ಬರುತ್ತವೆ.

ಪ್ರಶ್ನೆ: ನಾನು ಆರನೇ ಕ್ಲಾಸ್. ನಮ್ಮ ಶಾಲೆಯಲ್ಲಿ ತುಂಬಾ ಪುಸ್ತಕ ಇದೆ. ಆದರೆ ಬೀರುವಿನ ಕೀಲಿ ಹೆಡ್‌ಮಾಸ್ಟರ್ ಹತ್ರ ಇದೆ. ಕೇಳೋಕೆ ಹೆದರಿಕೆ. ಏನು ಮಾಡಲಿ?

ಉತ್ತರ: ಪುಟ್ಟಾ, ನಿನ್ನ ಪತ್ರ ಓದಿ ನಾನು ಎರಡು ಸಲ ನಕ್ಕೆ, ಒಂದು ಸಲ ಬೇಜಾರೂ ಆಯಿತು. ಮೊದಲು ಒಂದು ವಿಷಯ ತಿಳಿದುಕೋ. ಶಾಲೆಯಲ್ಲಿ ಲೈಬ್ರರಿ ಇರಬೇಕು, ಅದರಲ್ಲಿ ಕಥೆಪುಸ್ತಕವೂ ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಬರೆದಿದೆ. ನೀನು ಕೇಳುತ್ತಿರುವುದು ನಿನ್ನದೇ. ಆದರೆ ಹೆಡ್‌ಮಾಸ್ಟರ್ ಹತ್ತಿರ ಹೋಗಿ ಕಾಯ್ದೆ ಮಾತಾಡಬೇಡ, ಅದು ಕೆಲಸ ಕೆಡಿಸುತ್ತದೆ. ಪಾಪ, ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಅವರು, ಆ ಹೆದರಿಕೆ ಅವರಿಗೂ ಇರುತ್ತದೆ.

ಮೂವರು ಗೆಳೆಯರನ್ನು ಸೇರಿಸಿಕೋ. ಒಂದು 100 ಪುಟದ ನೋಟ್‌ಬುಕ್ಕಿಗೆ ಗೆರೆ ಹಾಕಿ ತಾರೀಕು, ಹೆಸರು, ಪುಸ್ತಕ, ವಾಪಸ್ ಬಂತಾ ಅಂತ ನಾಲ್ಕು ಕಾಲಂ ಮಾಡು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ‘ಸಾರ್, ಶನಿವಾರ ಬೆಳಗ್ಗೆ ಬೀರು ಒರೆಸಿ ಪುಸ್ತಕ ಜೋಡಿಸಿಕೊಡ್ತೀವಿ, ಯಾರು ತಗೊಂಡ್ರು ಅಂತ ಇದರಲ್ಲಿ ಬರೀತೀವಿ’ ಅನ್ನು. ಮೊದಲ ವಾರ ಹತ್ತೇ ಪುಸ್ತಕ ಕೇಳು. ಹತ್ತೂ ವಾಪಸ್ ಬಂದದ್ದನ್ನು ತೋರಿಸಿ ಇಪ್ಪತ್ತು ಕೇಳು.

ಅಲ್ಲಿಯವರೆಗೆ ನಿಮ್ಮ ಗ್ರಾಮ ಪಂಚಾಯ್ತಿಯ ಗ್ರಂಥಾಲಯಕ್ಕೆ ಹೋಗು. ಈಗ ಅದಕ್ಕೆ ಅರಿವು ಕೇಂದ್ರ ಅಂತ ಬೋರ್ಡ್ ಹಾಕಿರುತ್ತಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದ್ದಾರೆ, ದುಡ್ಡು ಕೊಡಬೇಕಾಗಿಲ್ಲ. ಮಳೆ ಇದ್ದರೆ ಪುಸ್ತಕ ಸುತ್ತಲು ಒಂದು ಪ್ಲಾಸ್ಟಿಕ್ ಕವರ್ ತಗೊಂಡು ಹೋಗು. ಕೀಲಿ ಸಿಕ್ಕ ಮೇಲೆ ನನಗೊಂದು ಕಾರ್ಡ್ ಬರಿ.